ಕೆಂಡದ ಮೇಲಿನ ಬಾರ್‌ಕೋಡು

"ಮೇಡಂ, ನಮ್ಮ ಬಳಗದ ಇತಿಹಾಸ ಮತ್ತು ಉದ್ದೇಶ ಅಂತ ಎರಡು ಪುಟ ಬರೆದುಕೊಡಿ, ಹೊಸದಾಗಿ ಸೇರೋರಿಗೆ ಹಂಚಬೇಕು" ಎಂದು ಈಗಿನ ಕಾರ್ಯದರ್ಶಿ ಹುಡುಗಿ ಫೋನ್ ಮಾಡಿದಳು. ಇತಿಹಾಸ ಎಂದರೆ ಅವಳ ಲೆಕ್ಕದಲ್ಲಿ ಯಾರ ನಂತರ ಯಾರು ಅಧ್ಯಕ್ಷರಾದರು ಎನ್ನುವುದು. ಅದು ಬೇಕಿದ್ದರೆ ಗೋಡೆಯ ಮೇಲೆ ಹಲಗೆ ಇದೆ, ಓದಿಕೊಳ್ಳಲಿ. ನನಗೆ ಎಷ್ಟು ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬ ಪುರಾಣವೂ ಇಲ್ಲಿ ಬರುವುದಿಲ್ಲ. ಮೂಡಿಗೆರೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು ನಾನು. ಕಂಪ್ಯೂಟರ್ ಎಂಬುದನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ನೋಡಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದೆ, ಅದು ಮುನಿಸಿಕೊಂಡರೆ ಇಡೀ ಲೈಬ್ರರಿ ಬಾಗಿಲು ಹಾಕುವ ಕಾಲದಲ್ಲಿ ಹೊರಗೆ ಬಂದೆ. ಈ ನಡುವೆ ನಾವು ಪಟ್ಟ ಪಾಡನ್ನು ಬರೆಯುತ್ತೇನೆ. ಎರಡು ಪುಟದಲ್ಲಿ ಮುಗಿಯದಿದ್ದರೆ ಅದು ಅವಳ ಕರ್ಮ.

ತೊಂಬತ್ತರ ದಶಕದ ನಡುಭಾಗದಲ್ಲಿ ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂತು. ಲೈಬ್ರರಿಗೆಂದೇ ಬಂದದ್ದು. ಆಗಿನ ಪ್ರಿನ್ಸಿಪಾಲರು ಅದನ್ನು ಕೆಲವು ದಿನ ತಮ್ಮ ಕೋಣೆಯಲ್ಲಿಯೇ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸಿ, ಆಮೇಲೆ ಒಲ್ಲದ ಮನಸ್ಸಿನಿಂದ ನನ್ನ ಕಡೆ ಕಳುಹಿಸಿದರು. ಜೊತೆಗೊಂದು ಸುತ್ತೋಲೆಯೂ ಬಂತು. ಯಂತ್ರದ ಎದುರು ಚಪ್ಪಲಿ ಹಾಕಬಾರದು, ಕೆಮ್ಮಬಾರದು, ಗ್ರಂಥಪಾಲಕರ ಹೊರತು ಯಾರೂ ಮುಟ್ಟಬಾರದು. ಗ್ರಂಥಪಾಲಕರಿಗೆ ಮುಟ್ಟಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಬರುವುದಿಲ್ಲ ಎಂದು ನಾನೂ ಬಾಯಿ ಬಿಡಲಿಲ್ಲ. ಮೊದಲ ತಿಂಗಳು ಪೂರ್ತಿ ಅದರ ಧೂಳು ಒರೆಸಿದೆ.

ಪ್ರಿನ್ಸಿಪಾಲರು ದಿನಾ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೇಳುತ್ತಿದ್ದರು.

"ಏನಂತೆ ವಿಶಾಲಾಕ್ಷಿ, ಕಂಪ್ಯೂಟರ್ ಏನ್ ಹೇಳ್ತು ಇವತ್ತು?"

"ಏನೂ ಹೇಳಿಲ್ಲ ಸಾರ್."

"ನೀವು ಕೇಳ್ಬೇಕಮ್ಮ. ಕೇಳದೆ ಅದು ಹೇಳಲ್ಲ."

ಆ ಮಾತು ಎಷ್ಟು ನಿಜ ಎಂದು ನನಗೆ ಗೊತ್ತಾಗಲು ವರ್ಷವೇ ಹಿಡಿಯಿತು. ಆದರೆ ಆವತ್ತು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಜೂನ್ ಬಂತು, ಮಳೆ ಹಿಡಿಯಿತು. ನಮ್ಮ ಅಟೆಂಡರ್ ತಿಮ್ಮಪ್ಪ ಬಹಳ ಕರುಣಾಳು. ಯಂತ್ರಕ್ಕೆ ಥಂಡಿ ಆಗುತ್ತದೆ ಎಂದು ತನ್ನ ಕರಿ ಕಂಬಳಿಯನ್ನು ತಂದು ಹೊದಿಸಿದ. ಅದು ಚಾಲೂ ಇತ್ತು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ತಿಮ್ಮಪ್ಪ ಗಾಬರಿಯಿಂದ ಬಾಗಿಲಲ್ಲೇ ನಿಂತಿದ್ದ. "ಮೇಡಂ, ಅದಕ್ಕೆ ಜ್ವರ ಬಂದಂಗೆ ಕಾಣ್ತದೆ. ಮುಟ್ಟಿ ನೋಡಿ, ಮೈ ಸುಡ್ತಾ ಐತೆ" ಎಂದ. ಕಂಬಳಿ ತೆಗೆದೆವು. ಯಂತ್ರ ಎರಡು ದಿನ ಮಾತಾಡಲಿಲ್ಲ.

ಕಂಬಳಿ ತೆಗೆದ ಮೇಲೆ ಥಂಡಿಯ ತೊಂದರೆ ಶುರುವಾಯಿತು. ಗೋಡೆಯಲ್ಲಿ ನೀರು ಒಸರುವ ಕೋಣೆಯಲ್ಲಿ ಕಂಪ್ಯೂಟರು ಬೆಳಿಗ್ಗೆ ಏಳಲೇ ಒಲ್ಲದು. ಪುಸ್ತಕದ ಬೀರುವಿನೊಳಗೆ ಮಳೆಗಾಲವಿಡೀ ಒಂದು ಬಲ್ಬು ಉರಿಸಿ ಇಡುವುದು ನಮ್ಮಲ್ಲಿ ಮೊದಲಿನಿಂದಲೂ ನಡೆದುಬಂದದ್ದು. ಹಾಗಾಗಿ ಪುಸ್ತಕಗಳನ್ನು ಆಚೆ ಸರಿಸಿ ಕಂಪ್ಯೂಟರನ್ನೂ ಬೀರುವಿನೊಳಗೇ ಕೂರಿಸಿದೆವು. ಆ ಮಳೆಗಾಲ ಪೂರ್ತಿ ನಾನು ಬೀರುವಿನ ಎದುರು ಸ್ಟೂಲ್ ಹಾಕಿಕೊಂಡು, ಒಳಗೆ ಕೈ ಚಾಚಿ ಟೈಪ್ ಮಾಡಿದ್ದೇನೆ. ಹೊಸ ಉಪನ್ಯಾಸಕರೊಬ್ಬರು ಬಾಗಿಲಲ್ಲಿ ಇಣುಕಿ, ಮೇಡಂ ಬೀರುವಿನ ಜೊತೆ ಏನೋ ಮಾತಾಡ್ತಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದರಂತೆ.

ಫ್ಲಾಪಿಯ ಕಥೆ ಇನ್ನೊಂದು. ಈಗಿನವರಿಗೆ ಗೊತ್ತಿಲ್ಲ, ಮಾಹಿತಿ ಉಳಿಸಿಕೊಳ್ಳಲು ಆಗ ಅಂಗೈ ಅಗಲದ ಚೌಕದ ಬಿಲ್ಲೆಗಳಿದ್ದವು. ನಮ್ಮ ಬಿಲ್ಲೆಗಳಿಗೆ ಆಗಸ್ಟಿನಲ್ಲಿ ಬೂಷ್ಟು ಬಂತು. ಮಾರಿದವರಿಗೆ ಫೋನ್ ಮಾಡಿದರೆ, "ಬೂಷ್ಟಾ? ಅಂಥದ್ದು ನಮ್ಮ ಪುಸ್ತಕದಲ್ಲಿ ಇಲ್ಲ ಮೇಡಂ, ವೈರಸ್ ಇರಬೇಕು ನೋಡಿ" ಎಂದರು. ನಾನು ಬಿಲ್ಲೆಗಳನ್ನು ಮನೆಗೆ ತಂದು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಮನೆಯಲ್ಲಿ ಅದಕ್ಕಿಂತ ಒಣ ಜಾಗ ಇರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದ ಕರೆದರು. ಅಕ್ಕಿ ತೊಳೆಯುವ ಪಾತ್ರೆಯೊಳಗೆ ಇಡೀ ಚರಿತ್ರೆ ವಿಭಾಗ ತೇಲುತ್ತಿತ್ತು. "ಇನ್ನೊಂದು ಚೂರು ಬಿಟ್ಟಿದ್ರೆ ನಿನ್ನ ಲೈಬ್ರರಿ ಅನ್ನ ಆಗ್ತಿತ್ತು ನೋಡೆ" ಎಂದರು ಅಮ್ಮ. ಆ ಚರಿತ್ರೆಯನ್ನು ಮೊದಲಿನಿಂದ ಮತ್ತೆ ಟೈಪ್ ಮಾಡಿದೆ. ಚರಿತ್ರೆ ಮರುಕಳಿಸುತ್ತದೆ ಎಂದು ಪಾಠ ಮಾಡುವ ಮೇಷ್ಟ್ರು ಯಾರೂ ಕೈಜೋಡಿಸಲಿಲ್ಲ.

ಅಳು ಬರುವಂತಾಗಿದ್ದ ಆ ದಿನಗಳಲ್ಲೇ ಗಿರೀಶನ ಪರಿಚಯ ಆದದ್ದು. ಅವನು ಚಿಕ್ಕಮಗಳೂರಿನ ಒಂದು ಕಾಲೇಜಿನ ಗ್ರಂಥಪಾಲಕ, ಏನೋ ಕೆಲಸಕ್ಕೆ ನಮ್ಮ ಕಾಲೇಜಿಗೆ ಬಂದಿದ್ದ. ನನಗಿಂತ ಚಿಕ್ಕವನು, ಕಂಪ್ಯೂಟರ್ ಕೋರ್ಸ್ ಮಾಡಿದವನು, ಮಾಡಿದ್ದನ್ನು ಯಾರಿಗೂ ಮರೆಯಲು ಬಿಡದವನು. ಬೀರುವಿನೊಳಗಿನ ಕಂಪ್ಯೂಟರ್ ನೋಡಿ ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ನಾನು ನಮ್ಮದನ್ನ ಮನೇಲಿ ದೇವರ ಕೋಣೆ ಪಕ್ಕ ಇಟ್ಟಿದೀನಿ ಮೇಡಂ, ಕಾಲೇಜಿನಲ್ಲಿ ಇಟ್ರೆ ಎದ್ದೇಳಲ್ಲ. ಪ್ರಿನ್ಸಿಪಾಲ್‌ಗೆ ಗೊತ್ತಿಲ್ಲ" ಎಂದು ಪಿಸುಗುಟ್ಟಿದ. ಆಮೇಲೆ ವಿಚಾರಿಸಿದರೆ ಈ ಗುಡ್ಡಗಳ ಉದ್ದಕ್ಕೂ ಒಬ್ಬೊಬ್ಬ ಗ್ರಂಥಪಾಲಕ ಒಂದೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತನಗೊಬ್ಬನಿಗೇ ಬರುವುದಿಲ್ಲ ಎಂದು ನಾಚಿಕೆಪಡುತ್ತಾ ಕೂತಿದ್ದ. ನಮ್ಮ ಗ್ರಂಥಾಲಯ ತಂತ್ರಜ್ಞಾನ ಬಳಗ ಹುಟ್ಟಿದ್ದು ಆ ನಾಚಿಕೆಯಿಂದ. ದೊಡ್ಡ ಕಾರಣ ಏನೂ ಇರಲಿಲ್ಲ.

ಸಭೆಗೆ ಒಂದು ಪದ್ಧತಿ ಮಾಡಿಕೊಂಡೆವು. ಯಾರ ಕಂಪ್ಯೂಟರ್ ಕೆಟ್ಟಿದೆಯೋ ಸಭೆ ಅವರಲ್ಲಿ. ಎಲ್ಲರೂ ಸೇರಿ ರಿಪೇರಿ ಮಾಡುವುದು, ಕೆಟ್ಟವರ ಖರ್ಚಿನಲ್ಲಿ ತಿಂಡಿ. ಬೇಸಿಗೆಯಲ್ಲಿ ಸಭೆಗಳೇ ಇರುತ್ತಿರಲಿಲ್ಲ, ಮಳೆಗಾಲದಲ್ಲಿ ವಾರಕ್ಕೊಂದು. ತಿಂಡಿ ಚೆನ್ನಾಗಿ ಮಾಡುವ ಮನೆಯವರ ಕಂಪ್ಯೂಟರನ್ನು ಗಿರೀಶ ಬೇಕೆಂದೇ ಪೂರ್ತಿ ರಿಪೇರಿ ಮಾಡುತ್ತಿರಲಿಲ್ಲ ಎಂಬ ಗುಮಾನಿ ನನಗೆ ಇವತ್ತಿಗೂ ಇದೆ.

ಗೌರವ ಅಧ್ಯಕ್ಷರಾಗಿ ಜಾವಳಿಯ ಹೂವೇಗೌಡರನ್ನು ಹಿಡಿದೆವು. ಕಾಫಿ ಪ್ಲಾಂಟರ್, ಒಳ್ಳೆಯ ಓದುಗರು. ಅವರ ಹತ್ತಿರ ಜೀಪಿತ್ತು, ಅದು ಮುಖ್ಯ. ಲೈಬ್ರರಿಯನ್ ಎಂಬ ಕೆಲಸ ಏನೆಂದು ಅವರಿಗೆ ಕೊನೆಯವರೆಗೂ ಪೂರ್ತಿ ತಲೆಗೆ ಹತ್ತಲಿಲ್ಲ. ಎಸ್ಟೇಟಿನಲ್ಲಿ ಹಾಜರಿ ಬರೆಯುವವರನ್ನು ರೈಟರ್ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಮ್ಮನ್ನೆಲ್ಲ "ಪುಸ್ತಕದ ರೈಟ್ರು" ಎಂದೇ ಪರಿಚಯಿಸುತ್ತಿದ್ದರು. ಬಳಗವನ್ನು ನೋಂದಾಯಿಸುವಾಗ ಉದ್ದೇಶ ಬರೆಯಬೇಕಾಯಿತು. ಒಂದು ಮಧ್ಯಾಹ್ನ ಪೂರ್ತಿ ಜಗಳವಾಡಿದೆವು. ಕೊನೆಗೆ ಗೌಡರು ಬೇಸತ್ತು ಹೇಳಿದರು.

"ಅದೆಂತ ಅಷ್ಟು ಒದ್ದಾಡ್ತೀರಾ. ನಮ್ ತೋಟದಲ್ಲಿ ಡ್ರೈಯರ್ ಕೆಟ್ರೆ ಪಕ್ಕದ ತೋಟದೋರು ಬರ್ತಾರೆ. ಅವ್ರದ್ದು ಕೆಟ್ರೆ ನಾವು ಹೋಗ್ತೀವಿ. ಅಷ್ಟೇ ಬರೀರಿ."

ಅಷ್ಟೇ ಬರೆದೆವು. ನೋಂದಣಿ ಕಚೇರಿಯ ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಇದು ಉದ್ದೇಶ ಅಲ್ಲ ಕಣಮ್ಮ, ಇದು ಮುಯ್ಯಾಳು. ಸರ್ವತೋಮುಖ ಅಭಿವೃದ್ಧಿ ಅಂತ ಏನಾದ್ರೂ ಹಾಕಿ" ಎಂದರು. ಗಿರೀಶ ಅಲ್ಲೇ ಕೂತು ಸರ್ವತೋಮುಖವಾಗಿ ಒಂದು ಪುಟ ಬರೆದ. ಅದೇ ಈಗ ನಿಮಗೆಲ್ಲ ಕೊಡುವ ಹಸಿರು ಪುಸ್ತಿಕೆಯಲ್ಲಿರುವುದು. ಅದನ್ನು ಓದಿ ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ.

ಇನ್ನು ಪದ್ಮನಾಭನ ವಿಷಯ. ಇಷ್ಟೆಲ್ಲ ಬರೆದದ್ದೇ ಅವನ ವಿಷಯಕ್ಕೆ ಬರಲು.

ಪದ್ಮನಾಭ ಕಳಸದ ಒಂದು ಚಿಕ್ಕ ಸಾರ್ವಜನಿಕ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ. ಅರ್ಚಕರ ಮನೆಯ ಹುಡುಗ. ಮಂತ್ರ ಬಾಯಿಗೆ ಬರಲಿಲ್ಲ, ಕಾದಂಬರಿ ಬಂತು ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಕೆಲಸ ಹಂಗಾಮಿ, ಇವತ್ತು ಕಾಯಂ ಆಗುತ್ತದೆ ನಾಳೆ ಕಾಯಂ ಆಗುತ್ತದೆ ಎಂದು ಕಾದು ಕಾದು ತಲೆಯ ಮುಂದಿನ ಕೂದಲು ಹೋಗಿತ್ತು. ಬೇರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸೂ ದಾಟಿತ್ತು. ಅವನ ಲೈಬ್ರರಿಯಲ್ಲಿ ಕಂಪ್ಯೂಟರೇ ಇರಲಿಲ್ಲ. ಆದರೂ ಪ್ರತಿ ಸಭೆಗೂ ಬಸ್ಸು ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಅವನಿಗೆ ಒಂದೇ ಕೊರಗು. "ನಮ್ಮಲ್ಲಿ ಕೆಡ್ಲಿಕ್ಕೆ ಎಂತದೂ ಇಲ್ಲ ಮೇಡಂ. ನಿಮ್ಮನ್ನೆಲ್ಲ ಒಂದು ಸಲ ಕರೀಲಿಕ್ಕೂ ಆಗ್ಲಿಲ್ಲ ನೋಡಿ" ಎನ್ನುತ್ತಿದ್ದ.

ಪುಸ್ತಕ ನೋಡಿಕೊಳ್ಳುವುದರಲ್ಲಿ ಅವನಿಗೆ ಅವನದೇ ಕ್ರಮ. ನಮ್ಮ ಕಡೆ ಮಳೆಗಾಲದಲ್ಲಿ ಬಾಣಂತಿ ಮನೆಯಲ್ಲಿ ಮಗುವಿನ ಬಟ್ಟೆ ಒಣಗಿಸಲು ಒಂದು ದೊಡ್ಡ ಬಿದಿರ ಬುಟ್ಟಿ ಇರುತ್ತದೆ. ಕೆಂಡದ ಬಾಣಲೆಯ ಮೇಲೆ ಅದನ್ನು ಕವುಚಿ ಹಾಕಿ, ಬುಟ್ಟಿಯ ಬೆನ್ನ ಮೇಲೆ ಬಟ್ಟೆ ಹರವುತ್ತಾರೆ. ಪದ್ಮನಾಭ ಅಂಥದೊಂದು ಬುಟ್ಟಿಯನ್ನು ಲೈಬ್ರರಿಯಲ್ಲಿ ಇಟ್ಟುಕೊಂಡಿದ್ದ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸರದಿ ಪ್ರಕಾರ ಪುಸ್ತಕಗಳನ್ನು ಅದರ ಮೇಲೆ ಹರವಿ, ರೊಟ್ಟಿ ಮಗುಚಿದ ಹಾಗೆ ಮಗುಚಿ ಹಾಕುತ್ತಿದ್ದ. ಓದಲು ಬಂದವರು ಬೆಚ್ಚಗಿನ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು. ಚಳಿಗೆ ಹಿತ ಎಂದೇ ಬರುವ ಮುದುಕರೂ ಇದ್ದರು. ಈ ಕ್ರಮ ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾವು ಮಾಡಿದ ಘನಕಾರ್ಯವನ್ನು ಈಗ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಆದೇಶ ಬಂತು. ಸಣ್ಣ ಊರುಗಳ ಲೈಬ್ರರಿಗಳು ಪರಿಶೀಲನೆಯ ದಿನದೊಳಗೆ ಗಣಕೀಕರಣ ಆಗಿರಬೇಕು, ಪುಸ್ತಕಗಳಿಗೆ ಬಾರ್‌ಕೋಡ್ ಇರಬೇಕು. ಇಲ್ಲದಿದ್ದರೆ ಬಾಗಿಲು ಹಾಕಿ, ಪುಸ್ತಕಗಳನ್ನು ಚಿಕ್ಕಮಗಳೂರಿಗೆ ಸಾಗಿಸುವುದು. ಪುಸ್ತಕದ ಜೊತೆ ಹಂಗಾಮಿ ನೌಕರರನ್ನು ಸಾಗಿಸುವುದಿಲ್ಲ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಪದ್ಮನಾಭ ಆ ಆದೇಶವನ್ನು ಹಿಡಿದುಕೊಂಡು ಸಭೆಗೆ ಬಂದ. ಆವತ್ತು ಅವನು ತಿಂಡಿ ಮುಟ್ಟಲಿಲ್ಲ.

"ಕೆಲಸ ಹೋದ್ರೆ ಹೇಗಾದ್ರೂ ಮಾಡ್ಬಹುದು ಮೇಡಂ. ಯಾರದ್ದಾದ್ರೂ ಅಂಗಡೀಲಿ ಕೂತ್ಕೊಳ್ತೇನೆ. ಆದ್ರೆ ಅಲ್ಲಿ ದಿನಾ ಬರುವ ಜನ ಉಂಟಲ್ಲ, ಅವ್ರೆಲ್ಲ ಎಲ್ಲಿಗೆ ಹೋಗೂದು?" ಎಂದ.

ಬಳಗ ಇದ್ದದ್ದು ಇಂಥದ್ದಕ್ಕೇ. ಹೂವೇಗೌಡರು ತಮ್ಮ ಎಸ್ಟೇಟ್ ಆಫೀಸಿನ ಹಳೆಯ ಕಂಪ್ಯೂಟರನ್ನು ಜೀಪಿನಲ್ಲಿ ಹಾಕಿಸಿ ಕಳಸಕ್ಕೆ ಕಳುಹಿಸಿದರು. ಕೀಲಿಮಣೆಯನ್ನು ಕವುಚಿ ತಟ್ಟಿದರೆ ಕಾಫಿ ಹೊಟ್ಟು ಉದುರುತ್ತಿತ್ತು, ಆದರೆ ಕೆಲಸ ಮಾಡುತ್ತಿತ್ತು. ನಾವು ಸರದಿಯಲ್ಲಿ ಹೋಗಿ ಅವನ ಪುಸ್ತಕಗಳನ್ನೆಲ್ಲ ಅದರೊಳಗೆ ಸೇರಿಸಿದೆವು. ಉಳಿದದ್ದು ಬಾರ್‌ಕೋಡ್ ಚೀಟಿ. ಚಿಕ್ಕಮಗಳೂರಿನಲ್ಲಿ ಗೌಡರ ಸ್ನೇಹಿತರ ಕಾಫಿ ವ್ಯಾಪಾರದ ಕಚೇರಿಯಲ್ಲಿ, ಸ್ಯಾಂಪಲ್ ಪೊಟ್ಟಣಗಳಿಗೆ ಚೀಟಿ ಮುದ್ರಿಸುವ ಯಂತ್ರ ಇತ್ತು. ಅಲ್ಲಿ ಗಿರೀಶ ನಮಗೆಲ್ಲ ಪಾಠ ಮಾಡಿದ.

"ಇದಕ್ಕೆ ಇಂಕ್ ಬೇಡ, ರಿಬ್ಬನ್ ಬೇಡ. ಈ ಕಾಗದಕ್ಕೆ ಬಿಸಿ ತಾಗಿದ್ರೆ ಸಾಕು, ಕಪ್ಪಾಗುತ್ತೆ. ಗೆರೆ ತಾನಾಗಿ ಮೂಡುತ್ತೆ. ಇದೇ ಟೆಕ್ನಾಲಜಿ."

ನಾವು ಮೆಚ್ಚಿ ತಲೆಯಾಡಿಸಿದೆವು. ಪದ್ಮನಾಭ ಬಿಳಿ ಚೀಟಿಯ ಸುರುಳಿಗಳನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ತೆಗೆದುಕೊಂಡ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಎಂದು ಕಿವಿಯಾರೆ ಕೇಳಿದ ನಮ್ಮ ಇಡೀ ತಂತ್ರಜ್ಞಾನ ಬಳಗದಲ್ಲಿ ಒಬ್ಬರ ತಲೆಯೂ ಓಡಲಿಲ್ಲ.

ಪರಿಶೀಲನೆಯ ದಿನ ನಾನೂ ಗಿರೀಶನೂ ಮೊದಲ ಬಸ್ಸಿಗೆ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋದೆವು. ದಾರಿಯುದ್ದಕ್ಕೂ ಮಳೆ. ಪದ್ಮನಾಭ ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ, ಮುಖ ಬೆಳಗುತ್ತಿತ್ತು.

"ಬನ್ನಿ ಮೇಡಂ, ಬನ್ನಿ. ಚೀಟಿಯ ಅಂಟು ಥಂಡಿಗೆ ನಿಲ್ಲಲೇ ಇಲ್ಲ. ಮೈದಾ ಗೋಂದು ಹಾಕಿ ಕೂರಿಸಿದೆ. ಗೋಂದಿಗೆ ಪುಸ್ತಕ ಎಲ್ಲ ಒದ್ದೆ ಆಯ್ತು. ಎಂತ ಮಾಡೂದು, ನಿನ್ನೆ ಇಡೀ ದಿನ ಬುಟ್ಟಿ ಮೇಲೆ ಹಾಕಿ ಗರಿಗರಿ ಮಾಡಿದ್ದೇನೆ. ಒಂದಕ್ಕೂ ಥಂಡಿ ಇಲ್ಲ ಈಗ."

ಗಿರೀಶ ಒಂದು ಪುಸ್ತಕ ತೆರೆದ. ಬಾರ್‌ಕೋಡ್ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಪಟ್ಟಿ. ಇನ್ನೊಂದು ತೆರೆದ, ಅದೂ ಕಪ್ಪು. ಕಪಾಟಿನಿಂದ ಕಪಾಟಿಗೆ ಓಡಿ ಎಳೆದೆಳೆದು ನೋಡಿದ. ಆಮೇಲೆ ನೆಲದ ಮೇಲೆ ಕೂತುಬಿಟ್ಟ.

"ಎಂತ ಆಯ್ತು?" ಎಂದ ಪದ್ಮನಾಭ. "ಕಪ್ಪಾದದ್ದಾ? ಕಾದ ಹಾಗೆ ಬಣ್ಣ ಏರ್ತಾ ಬಂತು. ಹದ ಬಂತು ಅಂತ ಮಾಡಿದ್ದೆ ನಾನು."

ನನಗೆ ಸಿಟ್ಟು ನೆತ್ತಿಗೇರಿತು. ಕಾಫಿ ಬೀಜ ಹುರಿಯಲು ಕೊಟ್ಟಿದ್ದೆವಾ ನಿನಗೆ, ತಲೆಯಲ್ಲಿ ಏನಿದೆ ಎಂದು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಕೈಕಟ್ಟಿ ನಿಂತು ಕೇಳಿಸಿಕೊಂಡ. ಅವನ ಬೆರಳ ತುದಿಗಳು ಕೆಂಪಗೆ ಸುಟ್ಟಿದ್ದವು. ಇಡೀ ದಿನ ಬಿಸಿ ಪುಸ್ತಕ ಮಗುಚಿದ್ದರ ಗುರುತು. ಅದನ್ನು ನೋಡಿ ನನ್ನ ಬಾಯಿ ತಾನಾಗಿ ನಿಂತಿತು.

ಮತ್ತೆ ಮುದ್ರಿಸೋಣ ಎಂದರೆ ಯಂತ್ರ ಚಿಕ್ಕಮಗಳೂರಿನಲ್ಲಿ. ಕರೆಂಟು ಹೋದರೆ ಕಂಪ್ಯೂಟರ್ ತೋರಿಸುವ ಪ್ರಶ್ನೆಯೇ ಇಲ್ಲ, ಪರಿಶೀಲನೆ ಮುಂದಕ್ಕೆ ಹೋಗುತ್ತದೆ. ಆದರೆ ಮಳೆಗಾಲವಿಡೀ ಮುಖ ತೋರಿಸದ ಕರೆಂಟು ಆವತ್ತು ಗಟ್ಟಿಯಾಗಿ ನಿಂತಿತ್ತು.

"ಫ್ಯೂಸ್ ಕಿತ್ತು ಹಾಕು ಗಿರೀಶ. ಕರೆಂಟಿಲ್ಲ ಅನ್ನೋಣ" ಎಂದೆ.

"ಅದು ಬೇಡ ಮೇಡಂ" ಎಂದು ಪದ್ಮನಾಭ ಅಡ್ಡ ಬಂದ. "ಈ ಫ್ಯೂಸಿಗೇ ಪಕ್ಕದ ಹಿಟ್ಟಿನ ಗಿರಣಿಯೂ ಸೇರಿದೆ. ಜನ ಅಕ್ಕಿ ಬೀಸಿಸ್ಲಿಕ್ಕೆ ನಿಂತಿದ್ದಾರೆ."

"ನಿನ್ನ ಕೆಲ್ಸ ಹೋಗ್ತಾ ಇದೆ ಮಾರಾಯ. ನಿನಗೆ ಗಿರಣಿ ಚಿಂತೆ."

"ಹೌದು ಮೇಡಂ. ಆದ್ರೆ ಅವ್ರ ಅಕ್ಕಿ ಎಂತ ತಪ್ಪು ಮಾಡಿದೆ."

ಅಷ್ಟರಲ್ಲಿ ಪರಿಶೀಲನೆಯ ಅಧಿಕಾರಿ ಸಾಹೇಬರು ಬಂದೇಬಿಟ್ಟರು.

ಬಂದರು ಎನ್ನುವುದಕ್ಕಿಂತ ತೊಯ್ದು ತೊಪ್ಪೆಯಾಗಿ ತೇಲಿ ಬಂದರು ಎನ್ನಬೇಕು. ರಸ್ತೆಗೆ ಮರ ಬಿದ್ದು ಜೀಪು ಅಲ್ಲೇ ನಿಂತಿತ್ತು. ಡ್ರೈವರನ್ನು ಅಲ್ಲಿ ಬಿಟ್ಟು, ಉಳಿದ ದಾರಿ ನಡೆದುಕೊಂಡೇ ಬಂದಿದ್ದರು. ಬಯಲುಸೀಮೆಯ ಕಡೆಯವರು, ಛತ್ರಿ ಮೊದಲ ಗಾಳಿಗೇ ಉಲ್ಟಾ ಆಗಿತ್ತು. ಒಳಗೆ ಬಂದವರೇ, "ಕಾಲಲ್ಲಿ ಏನೋ ಹರಿದಾಡ್ತಿದೆ ಕಣ್ರೀ" ಎಂದರು. ಪದ್ಮನಾಭ ಅವರನ್ನು ಕುರ್ಚಿಯಲ್ಲಿ ಕೂರಿಸಿ ಬೂಟು ಬಿಚ್ಚಿಸಿದ. ಕಾಲುಚೀಲದೊಳಗೆ ಇಂಬಳಗಳು, ನಮ್ಮ ಕಡೆಯ ಕಾಡು ಜಿಗಣೆಗಳು, ರಕ್ತ ಕುಡಿದು ದ್ರಾಕ್ಷಿಯಾಗಿದ್ದವು. ಅವನು ಉಪ್ಪು ಹಾಕಿ ಅವನ್ನು ಬಿಡಿಸಿದ, ಗಾಯಕ್ಕೆ ಸುಣ್ಣ ಹಚ್ಚಿದ. ಕಾಲುಚೀಲ ಹಿಂಡಿ ಬುಟ್ಟಿಯ ಮೇಲೆ, ಉಳಿದ ಪುಸ್ತಕಗಳ ಪಕ್ಕದಲ್ಲೇ ಒಣಹಾಕಿದ. ಸಾಹೇಬರು ಬರಿಗಾಲಲ್ಲಿ ಕೂತು ಬಿಸಿ ಕಾಫಿ ಕುಡಿದರು. ಆಮೇಲೆ ನಮೂನೆ ತೆಗೆದರು.

"ಬಾರ್‌ಕೋಡ್ ತೋರಿಸಿ."

ಗಿರೀಶ ತಾನು ತಂದಿದ್ದ ಸ್ಕ್ಯಾನರ್ ಹಿಡಿದ. ಕೆಂಪು ಬೆಳಕು ಕಪ್ಪು ಚೀಟಿಯ ಮೇಲೆ ಅತ್ತಿತ್ತ ಓಡಾಡಿತು. ಸದ್ದಿಲ್ಲ.

"ಕುಂಯ್ ಅನ್ನಬೇಕಲ್ವೇನ್ರೀ?"

"ಅನ್ನಬೇಕು ಸಾರ್" ಎಂದ ಗಿರೀಶ.

"ಅನ್ನಲ್ವಲ್ಲ."

ಪದ್ಮನಾಭ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದ. ಗೋಂದು, ಥಂಡಿ, ಬುಟ್ಟಿ, ಕೆಂಡ, ಒಂದನ್ನೂ ಬಿಡಲಿಲ್ಲ. "ನನ್ನದೇ ತಪ್ಪು ಸಾರ್, ಇವ್ರದ್ದು ಎಂತದೂ ಇಲ್ಲ" ಎಂದು ಸೇರಿಸಿದ. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ. ನಮೂನೆಯಲ್ಲಿ ಬಾರ್‌ಕೋಡ್ ಎಂಬುದರ ಮುಂದೆ ಇಲ್ಲ ಎಂದು ಬರೆದರು. ಕೆಳಗೆ, ಗಣಕೀಕೃತ ಸೇವೆ ಎಂಬುದರ ಮುಂದೆಯೂ ಇಲ್ಲ ಎಂದು ಬರೆದರು. ಬಾರ್‌ಕೋಡಿಗಾದರೆ ಸಮಯ ಕೇಳಬಹುದಿತ್ತು, ಬಾಗಿಲು ಹಾಕಿಸುವುದು ಈ ಎರಡನೆಯ ಇಲ್ಲ.

ನಾನು ಸುಮ್ಮನಿರುವ ಜಾತಿಯಲ್ಲ. "ಸಾರ್, ಚೀಟಿ ಸುಟ್ಟಿರಬಹುದು, ಕಂಪ್ಯೂಟರಿಗೆ ಏನೂ ಆಗಿಲ್ಲ. ಪುಸ್ತಕದ ನಂಬರು ಟೈಪ್ ಮಾಡಿದ್ರೆ ಅದೇ ಕೆಲಸ ಆಗುತ್ತೆ" ಎಂದೆ.

"ಟೈಪ್ ಮಾಡೋದು ಅಂತ ಇದರಲ್ಲಿ ಕಾಲಮ್ಮೇ ಇಲ್ಲಮ್ಮ" ಎಂದರು. ಅವರ ದನಿಯಲ್ಲಿ ಹಟ ಇರಲಿಲ್ಲ, ದಣಿವಿತ್ತು. ಪದ್ಮನಾಭ ಹೋಗಿ ಸಾಹೇಬರ ಕಾಲುಚೀಲ ಮಗುಚಿ ಹಾಕಿದ.

ಕಾಲುಚೀಲ ಒಣಗುವ ತನಕ ಸಾಹೇಬರು ಏಳುವಂತಿರಲಿಲ್ಲ. ಹೊತ್ತು ಹೋಗಲೆಂದು ಬುಟ್ಟಿಯ ಮೇಲಿನಿಂದ ಒಂದು ಪುಸ್ತಕ ಎತ್ತಿಕೊಂಡರು. ಪತ್ತೇದಾರಿ ಕಾದಂಬರಿ. ಮೊದಲು ಹಾಗೇ ಪುಟ ಮಗುಚಿದರು. ಆಮೇಲೆ ಕುರ್ಚಿಯನ್ನು ಕೆಂಡದ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬರಿಗಾಲನ್ನು ಬಾಣಲೆಯ ಅಂಚಿಗೆ ಚಾಚಿ ಓದತೊಡಗಿದರು. ಓದಲು ಬಂದ ಇಬ್ಬರು ಮುದುಕರು ಅವರ ಅಕ್ಕಪಕ್ಕ ಜಾಗ ಮಾಡಿಕೊಂಡು ಕೂತರು. ಒಬ್ಬರು ಸಾಹೇಬರಿಗೆ, "ಸ್ವಲ್ಪ ಕಾಲು ಈ ಕಡೆ ತಗೊಳ್ಳಿ, ನಮಗೂ ಶಾಖ ಬರ್ಲಿ" ಎಂದರು. ಅವರು ಪುಸ್ತಕದಿಂದ ಕಣ್ಣೆತ್ತದೆ ಕಾಲು ಸರಿಸಿದರು.

ಮಧ್ಯಾಹ್ನ ಮೀರಿದ ಮೇಲೆ ಹೊರಗೆ ಜೀಪಿನ ಹಾರನ್ ಕೇಳಿತು. ಮರ ಕಡಿದು ರಸ್ತೆ ಬಿಟ್ಟಿದ್ದರು. ಸಾಹೇಬರು ಬೆಚ್ಚಿದವರ ಹಾಗೆ ತಲೆಯೆತ್ತಿದರು. ಇನ್ನು ಸ್ವಲ್ಪವೇ ಪುಟ ಉಳಿದಿತ್ತು, ಕೊಲೆ ಮಾಡಿದವನು ಯಾರೆಂದು ಗೊತ್ತಾಗಿರಲಿಲ್ಲ. ಒಂದು ಕಾಲಿಗೆ ಬೆಚ್ಚಗಿನ ಕಾಲುಚೀಲ ಏರಿಸಿಕೊಂಡು, ಸಂಕೋಚದಿಂದ ಪದ್ಮನಾಭನನ್ನು ಕೇಳಿದರು.

"ಇದನ್ನ ತಗೊಂಡು ಹೋಗಬಹುದೇನ್ರೀ?"

"ಸದಸ್ಯರಾಗ್ಬೇಕು ಸಾರ್."

ಬೇರೆ ಯಾರಾದರೂ ಆಗಿದ್ದರೆ ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಕಾಲಿಗೆ ಬಿದ್ದು ಕೊಡುತ್ತಿದ್ದರು. ಇವನು ಸಾಹೇಬರ ಹೆಸರು, ವಿಳಾಸ ಕೇಳಿ ಒಂದೇ ಬೆರಳಲ್ಲಿ ಕುಟ್ಟಿದ. ಪುಸ್ತಕದ ನಂಬರು ಕುಟ್ಟಿದ. ಪರದೆಯ ಮೇಲೆ ಸಾಹೇಬರ ಹೆಸರು ಬಂತು, ಅದರ ಮುಂದೆ ಕಾದಂಬರಿಯ ಹೆಸರು, ಅದರ ಮುಂದೆ ಹಿಂತಿರುಗಿಸುವ ದಿನ. ಆ ಕಂಪ್ಯೂಟರಿನಿಂದ ಹೊರಗೆ ಹೋದ ಮೊದಲ ಪುಸ್ತಕ ಅದು.

"ಹದಿನೈದು ದಿನದೊಳಗೆ ವಾಪಸ್ ಕೊಡ್ಬೇಕು ಸಾರ್" ಎಂದ ಪದ್ಮನಾಭ, ಎಲ್ಲರಿಗೂ ಹೇಳುವ ಹಾಗೆ.

ಸಾಹೇಬರು ಇನ್ನೊಂದು ಕಾಲುಚೀಲ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, "ಯಾರಿಗೆ?"

ಕೇಳಿದ ಮೇಲೆ ಅವರಿಗೇ ಹೊಳೆದಿರಬೇಕು. ಅವರು ಬರೆದ ನಮೂನೆಯ ಪ್ರಕಾರ ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಕೋಣೆಗೆ ಬೀಗ ಬೀಳುತ್ತಿತ್ತು. ಮುದುಕರು ಪೇಪರ್ ಇಳಿಸಿದರು.

"ನಂಗೇ ಕೊಡಿ ಸಾರ್" ಎಂದ ಪದ್ಮನಾಭ ಕೊನೆಗೆ. "ಲೈಬ್ರರಿ ಇಲ್ದಿದ್ರೂ ನಮ್ಮ ಮನೆ ಇಲ್ಲೇ ಉಂಟು. ಪುಸ್ತಕಗಳು ಎಲ್ಲಿ ಹೋಗ್ತಾವೋ ಅಲ್ಲಿಗೆ ನಾನೇ ತಲುಪಿಸ್ತೇನೆ. ಒಂದು ಪುಸ್ತಕ ಕಡಿಮೆ ಆಯ್ತು ಅಂತ ಆಗಬಾರದು ನೋಡಿ."

ಸಾಹೇಬರು ಬಹಳ ಹೊತ್ತು ಪರದೆಯ ಮೇಲಿನ ತಮ್ಮ ಹೆಸರನ್ನು ನೋಡುತ್ತಾ ಕೂತರು. ಆಮೇಲೆ ಚೀಲದಿಂದ ನಮೂನೆ ಹೊರತೆಗೆದು, ಕೆಳಗಿನ ಇಲ್ಲ ಎಂಬುದನ್ನು ಹೊಡೆದುಹಾಕಿ ಇದೆ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದರು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಅವರು ನನ್ನ ಕಡೆ ತಿರುಗಿ, ಯಾರೋ ತಮ್ಮನ್ನು ಪ್ರಶ್ನೆ ಕೇಳಿದ್ದಾರೆ ಎಂಬಂತೆ ಹೇಳಿದರು.

"ಇಲ್ಲಿ ಗಣಕೀಕೃತ ಸೇವೆ ಇಲ್ಲ ಅಂತ ನಾನೇ ಬರೆದರೆ, ಈ ಪುಸ್ತಕ ನನಗೆ ಯಾರೂ ಕೊಟ್ಟಿಲ್ಲ ಅಂತ ಆಗುತ್ತಲ್ಲಮ್ಮ. ಕದ್ದುಕೊಂಡು ಹೋದೆ ಅಂತ ಆಗುತ್ತೆ."

ಜೀಪು ತಿರುವಿನಲ್ಲಿ ಮರೆಯಾಗುವ ತನಕ ಪದ್ಮನಾಭ ಮಳೆಯಲ್ಲೇ ನಿಂತಿದ್ದ. ಒಳಗೆ ಬಂದವನೇ ಬುಟ್ಟಿಯ ಪಕ್ಕ ಕೂತು, ಮುಖ ಮುಚ್ಚಿಕೊಂಡು ಅತ್ತ. ನನಗೂ ಅಳು ತಡೆಯಲಾಗಲಿಲ್ಲ. ಗಿರೀಶ ಒಬ್ಬನೇ ಸುಮ್ಮನಿರದೆ ಸ್ಕ್ಯಾನರ್ ಹಿಡಿದು ಕಪ್ಪು ಚೀಟಿಗಳ ಮೇಲೆ ಒಂದಾದ ಮೇಲೊಂದು ಓಡಿಸುತ್ತಲೇ ಇದ್ದ, ಒಂದಾದರೂ ಕುಂಯ್ ಎನ್ನಲಿ ಎಂದು.

ಹೊಸದಾಗಿ ಸೇರುವವರೇ, ಹಸಿರು ಪುಸ್ತಿಕೆಯಲ್ಲಿ ಇದು ಯಾವುದೂ ಇಲ್ಲ. ಹೇಳಿದ ದಿನಕ್ಕೆ ಸಾಹೇಬರು ತಾವೇ ಕಳಸಕ್ಕೆ ಬಂದರು. ಕಾದಂಬರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದರು. ಲೈಬ್ರರಿಯ ಬಾಗಿಲು ತೆರೆದಿತ್ತು, ವಾಪಸ್ ತೆಗೆದುಕೊಳ್ಳಲು ಪದ್ಮನಾಭ ಅಲ್ಲೇ ಕೂತಿದ್ದ.